ಮಳೆಯನ್ನು ಕೇಳಿ ಬೀಜ ಹಾಕು

ಕೂಸೇ, ಶಿರಸಿಯ ಮನೆ ಮುಗಿಯುತ್ತ ಬಂತು, ಹಿಂದೆ ಎರಡು ಗುಂಟೆ ಜಾಗ ಉಳಿದಿದೆ, ಅಲ್ಲಿ ಏನೇನು ಹಾಕಲಿ ಅತ್ತೆ ಎಂದು ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಬೆಂಗಳೂರಿನ ತಾರಸಿಯಲ್ಲಿ ಕುಂಡ ಇಟ್ಟು ತರಕಾರಿ ಮಾಡಿ ನಿನಗೆ ರೂಢಿ ಇದೆ. ಆದರೆ ಅಲ್ಲಿಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 2,500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಆಮೇಲೆ ಮಾರ್ಚ್, ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಹೀಗಿರುವಾಗ ಮಲೆನಾಡಿನ ಹಿತ್ತಿಲಿನಲ್ಲಿ ಏನು ಹಾಕುತ್ತೀ ಅನ್ನುವುದಕ್ಕಿಂತ ಯಾವಾಗ ಹಾಕುತ್ತೀ ಅನ್ನುವುದೇ ಮುಖ್ಯ. ಬೀಜದ ಪೊಟ್ಟಣದ ಮೇಲೆ ಬರೆದ ತಿಂಗಳು ಯಾವುದೋ ಬಯಲುಸೀಮೆಗೆ ಬರೆದದ್ದು. ನೀನು ಮಳೆ ನಕ್ಷತ್ರ ನೋಡಿಕೊಂಡು ಹಾಕು.

• ಮೊದಲ ಮಳೆ ಬರುವವರೆಗೆ ದೊಡ್ಡ ಗಿಡ ಯಾವುದನ್ನೂ ನೆಡಬೇಡ. ಕೊಡೆ ಹಿಡಿದು ಹೋಗಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದು ಹೋಗುತ್ತದೆ ಎಂದು ನೋಡಿಕೊಂಡು ಬಾ. ನೀರು ನಿಲ್ಲುವ ಮೂಲೆ ಕೆಸುವಿಗೆ ಮತ್ತು ಒಂದೆಲಗಕ್ಕೆ. ಬೇರೆ ಎಲ್ಲದಕ್ಕೂ ಗೇಣುದ್ದಕ್ಕಿಂತ ಎತ್ತರದ ಏರುಮಡಿ ಬೇಕು. ಮಡಿಯ ಅಗಲ ಮೂರು ಅಡಿ, ಹೆಚ್ಚೆಂದರೆ ನಾಲ್ಕು ಅಡಿ ಇರಲಿ. ಎರಡೂ ಕಡೆಯಿಂದ ಕೈ ಚಾಚಿದರೆ ನಡುಮಧ್ಯದ ಕಳೆ ಸಿಗಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರಬಾರದು. ನಡುವಿನ ಕಾಲುವೆಯನ್ನು ಇಳಿಜಾರಿನ ಕಡೆಗೇ ತೆಗೆ.

• ದಿನಾ ಬೇಕಾಗುವುದನ್ನು ಅಡುಗೆಮನೆಯ ಬಾಗಿಲಿನ ಹತ್ತಿರ ನೆಡು. ಒಗ್ಗರಣೆಗೆ ಎಣ್ಣೆ ಕಾದಾಗ ಕರಿಬೇವು ಕೊಯ್ಯಲು ಬೇಲಿಯ ತನಕ ಯಾರೂ ಹೋಗುವುದಿಲ್ಲ. ಒಂದೆಲಗ, ದೊಡ್ಡಪತ್ರೆ, ಸೂಜಿಮೆಣಸು, ಒಂದು ಬುಡ ಶುಂಠಿ, ಇವೆಲ್ಲ ಹತ್ತು ಹೆಜ್ಜೆಯೊಳಗೆ ಇರಲಿ. ತಂಬುಳಿ ಮಾಡುವ ಮನೆಗೆ ಇಷ್ಟಿದ್ದರೆ ಪೇಟೆಗೆ ಹೋಗದಿದ್ದರೂ ಒಂದು ಹೊತ್ತಿನ ಊಟ ನಡೆಯುತ್ತದೆ. ಕರಿಬೇವಿನ ಎಲೆ ತರಿದುಕೊಳ್ಳಬೇಡ, ಟಿಸಿಲಿನ ತುದಿ ಸಮೇತ ಚಿವುಟು. ಚಿವುಟಿದಲ್ಲಿ ಎರಡು ಟಿಸಿಲು ಒಡೆಯುತ್ತದೆ, ಗಿಡ ಎತ್ತರಕ್ಕೆ ಓಡದೆ ಪೊದೆಯಾಗುತ್ತದೆ.

• ಮಣ್ಣಿನ ವಿಷಯಕ್ಕೆ ಬರುತ್ತೇನೆ. ನಮ್ಮದು ಜಂಬಿಟ್ಟಿಗೆ ಮಣ್ಣು. ಇಷ್ಟು ಮಳೆಗೆ ಅದರೊಳಗಿನ ಸುಣ್ಣದ ಅಂಶವೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಹುಳಿ ಮಣ್ಣಿನಲ್ಲಿ ಎಷ್ಟು ಗೊಬ್ಬರ ಹಾಕಿದರೂ ಗಿಡಕ್ಕೆ ಪೂರಾ ದಕ್ಕುವುದಿಲ್ಲ. ಶಿರಸಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ಮಣ್ಣಿನ ಪರೀಕ್ಷೆಯ ವಿಚಾರ ಕೇಳು. ನಾಲ್ಕಾರು ಕಡೆ ಮುಕ್ಕಾಲು ಅಡಿ ಆಳದ ತನಕ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಒಯ್ಯಬೇಕು. ಎಷ್ಟು ಸುಣ್ಣ ಬೇಕೆಂದು ಗೊತ್ತಾದ ಮೇಲೆ ಕೃಷಿ ಸುಣ್ಣವನ್ನು ಮಳೆಗೆ ಒಂದು ತಿಂಗಳು ಮುಂಚೆ ಹಾಕು. ಸುಣ್ಣ, ಸಗಣಿ ಗೊಬ್ಬರ ಎರಡನ್ನೂ ಒಂದೇ ದಿನ ಹಾಕಬೇಡ. ಸುಣ್ಣ ತಾಗಿದರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ, ನಡುವೆ ಎರಡು ಮೂರು ವಾರ ಬಿಡು. ಬಚ್ಚಲೊಲೆಯ ಬೂದಿಯನ್ನು ಮಾತ್ರ ಎಂದೂ ಎಸೆಯಬೇಡ.

• ಸಗಣಿ ಗೊಬ್ಬರ ಕಪ್ಪಾಗಿ, ಪುಡಿಪುಡಿಯಾಗಿ, ವಾಸನೆ ಹೋದ ಮೇಲೆ ಹಾಕಬೇಕು. ಹಸಿ ಸಗಣಿ ಹಾಕಿದರೆ ಅದರ ಕಾವಿಗೆ ಬೇರು ಸುಡುತ್ತದೆ, ಗೊಣ್ಣೆಹುಳವೂ ಬರುತ್ತದೆ. ಒಂದು ಮೂಲೆಯಲ್ಲಿ ಗೊಬ್ಬರಗುಂಡಿ ಮಾಡು, ಮೇಲೆ ಸೋಗೆ ಹೊದಿಸು. ಇಲ್ಲದಿದ್ದರೆ ಆಷಾಢದ ಮಳೆಗೆ ಸಾರವೆಲ್ಲ ಚರಂಡಿ ಪಾಲು. ಅಡುಗೆಮನೆಯ ಸಿಪ್ಪೆ ಒಂದು ಪದರ, ಒಣಗಿದ ಎಲೆಯ ದರಕು ಎರಡು ಪದರ, ಮೇಲೆ ಸ್ವಲ್ಪ ಸಗಣಿ ನೀರು. ದರಕು ಕಡಿಮೆಯಾದರೆ ನಾರುತ್ತದೆ, ನೀರು ಕಡಿಮೆಯಾದರೆ ಕೊಳೆಯುವುದೇ ಇಲ್ಲ.

• ಜೀವಾಮೃತ ಮಾಡುವುದಾದರೆ ಮನೆಯ ಲೆಕ್ಕ ಇಷ್ಟು: 20 ಲೀಟರ್ ನೀರಿಗೆ ಒಂದು ಕೆಜಿ ಸಗಣಿ, ಒಂದು ಲೀಟರ್ ಗೋಮೂತ್ರ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆಹಿಟ್ಟು, ಬೇಲಿ ಬುಡದ ಒಂದು ಮುಷ್ಟಿ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆ ಎರಡು ಸಲ ಕೋಲಿನಲ್ಲಿ ತಿರುವು, ಎರಡು ದಿನ ಕಳೆದ ಮೇಲೆ ಬುಡಕ್ಕೆ ಹೊಯ್ಯಿ. ಆದರೆ ಅದನ್ನೇ ಗೊಬ್ಬರ ಎಂದುಕೊಳ್ಳಬೇಡ. ಮಣ್ಣಿನಲ್ಲಿ ದರಕು, ಸೊಪ್ಪು ಕೊಳೆಯುತ್ತಿದ್ದರೆ ಮಾತ್ರ ಅದರ ಕೆಲಸ ಕಾಣುತ್ತದೆ.

• ಈಗ ಮಳೆಯ ಲೆಕ್ಕ. ಇದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೋ.

ಶಿವರಾತ್ರಿಯ ಹೊತ್ತಿಗೆ ಸುವರ್ಣಗೆಡ್ಡೆ ಹೂಳಬೇಕು. ಪ್ರತಿ ಹೋಳಿಗೂ ನಡುವಿನ ಮೊಳಕೆಯ ಒಂದು ಪಾಲು ಬರುವಂತೆ ಕತ್ತರಿಸಿ, ಸಗಣಿ ಬಗ್ಗಡದಲ್ಲಿ ಅದ್ದಿ ಒಣಗಿಸಿ, ಮೊಣಕಾಲುದ್ದದ ಗುಂಡಿಗೆ ದರಕು ತುಂಬಿ ಇಡು. ಎಂಟೊಂಬತ್ತು ತಿಂಗಳಿಗೆ ದಂಟು ಹಳದಿಯಾಗಿ ಬಿದ್ದಾಗ ಅಗೆಯಬಹುದು. ಅರಿಶಿನ, ಶುಂಠಿ ಏಪ್ರಿಲ್ ಕೊನೆಯ ಅಡ್ಡಮಳೆಗೆ. ಶುಂಠಿಯ ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಅದಕ್ಕೆ ಮಡಿ ಇನ್ನೂ ಎತ್ತರ ಇರಲಿ.

ಮೇ ಕೊನೆಯ ವಾರ ರೋಹಿಣಿ ಮಳೆ ಹುಟ್ಟುತ್ತದೆ. ಬೆಂಡೆ, ಹೀರೆ, ಹಾಗಲ, ಪಡವಲ, ಹಾಲುಗುಂಬಳ, ಮುಳ್ಳುಸೌತೆ, ಬಳ್ಳಿ ಅಲಸಂದೆ, ಎಲ್ಲ ಬೀಜವೂ ಆಗಲೇ ಮಣ್ಣಿಗೆ ಬೀಳಬೇಕು. ಜೂನ್ 22ರ ಸುಮಾರಿಗೆ ಆರಿದ್ರೆ ಮಳೆ ಶುರುವಾಗುವಷ್ಟರಲ್ಲಿ ಬೆಂಡೆ ಮೊಣಕಾಲಿನ ಹತ್ತಿರ ಬಂದಿರಬೇಕು, ಬಳ್ಳಿ ಚಪ್ಪರದ ಗೂಟ ಹಿಡಿದಿರಬೇಕು. ಆರಿದ್ರೆಯಲ್ಲಿ ಬೀಜ ಹಾಕಿದವರ ಬೀಜ ಕೊಳೆಯುತ್ತದೆ, ಇಲ್ಲವೇ ಮೊಳಕೆ ಬಂದು ಒಂದೇ ವಾರದಲ್ಲಿ ಹೊಡೆತಕ್ಕೆ ಮಲಗುತ್ತದೆ. ಈ ಮೂರು ನಾಲ್ಕು ವಾರದ ಅಂತರವೇ ನಮ್ಮ ಕಡೆಯ ಮಳೆಗಾಲದ ತರಕಾರಿಯ ಗುಟ್ಟು. ತೊಂಡೆ ಬಳ್ಳಿ, ಬಸಳೆ ಬಳ್ಳಿ, ನುಗ್ಗೆಯ ಗೂಟ ನೆಡಲೂ ಇದೇ ಹೊತ್ತು.

ಜುಲೈ, ಆಗಸ್ಟ್‌ನಲ್ಲಿ ಮಡಿಗೆ ಏನನ್ನೂ ಬಿತ್ತಬೇಡ. ಕಾಲುವೆ ಬಿಡಿಸು, ಬಿದ್ದ ಬಳ್ಳಿ ಎತ್ತಿ ಕಟ್ಟು, ಬಂದದ್ದನ್ನು ಕೊಯ್ದು ತಿನ್ನು. ಆಗಸ್ಟ್ ಕೊನೆಗೆ ಮಾಡಿನ ಕೆಳಗೆ ಬದನೆ, ಮೆಣಸು, ಟೊಮೆಟೊ ಸಸಿ ಮಾಡಿಕೋ. ಅಡಿಕೆ ಹಾಳೆಯನ್ನು ಮಡಚಿ ತೊಟ್ಟೆ ಮಾಡಿ ಅದರಲ್ಲೇ ಬೀಜ ಹಾಕಿದರೆ ನೆಡುವಾಗ ಬೇರು ಅಲುಗುವುದಿಲ್ಲ, ಹಾಳೆಯೂ ಮಣ್ಣಾಗುತ್ತದೆ. ಹಸ್ತ, ಚಿತ್ತೆ ಮಳೆಯ ಹೊತ್ತಿಗೆ ಅವನ್ನು ಮಡಿಗೆ ನೆಡು. ಹರಿವೆಯನ್ನೂ ಆಗಲೇ ಚೆಲ್ಲು. ಜೋರು ಮಳೆಯಲ್ಲಿ ಹರಿವೆಯ ಎಲೆಗೆ ಕೆಸರು ಸಿಡಿದು ಅಡಿಯಲ್ಲಿ ಬಿಳಿ ಗುಳ್ಳೆ ಏಳುತ್ತದೆ. ಕೋಸು, ನವಿಲುಕೋಸು, ಮೂಲಂಗಿ, ಬೀನ್ಸ್ ದೀಪಾವಳಿ ಕಳೆದ ಮೇಲೆ, ಇಬ್ಬನಿ ಬೀಳುವ ಕಾಲಕ್ಕೆ.

ಮೊಗೆಕಾಯಿ ಬೀಜ ಡಿಸೆಂಬರ್, ಜನವರಿಯಲ್ಲಿ. ಬೇಸಿಗೆಯಲ್ಲಿ ಬಲಿತ ಕಾಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ಶ್ರಾವಣದ ತನಕ ಹಾಳಾಗುವುದಿಲ್ಲ. ಹೊರಗೆ ಕಾಲಿಡಲಾಗದ ದಿನಗಳಿಗೆ ಅದೇ ಹುಳಿಗೆ, ಅದೇ ದೋಸೆಗೆ. ನಿನ್ನ ಹೊಸ ಮನೆ ತಾರಸಿಯದ್ದು, ಜಂತಿ ಇಲ್ಲ. ಉಗ್ರಾಣದ ಗೋಡೆಗೆ ಗಾಳಿಯಾಡುವ ಕಡೆ ಎರಡು ದಬ್ಬೆ ಹೊಡೆಸಿಬಿಡು.

• ಚಪ್ಪರಕ್ಕೆ ಕಬ್ಬಿಣದ ಪೈಪು ತರಬೇಡ, ಅಡಿಕೆ ದಬ್ಬೆ ಸಾಕು. ಬೀಜ ಹಾಕುವ ಮೊದಲೇ ಚಪ್ಪರ ಎದ್ದಿರಬೇಕು. ನಿನ್ನ ತಲೆಗಿಂತ ಒಂದು ಮೊಳ ಎತ್ತರ ಇರಲಿ, ಕೆಳಗೆ ನಿಂತು ಕಾಯಿ ಕೊಯ್ಯಬೇಕಲ್ಲ. ಹೀರೆ, ಹಾಗಲ, ಪಡವಲ ಒಂದೇ ಚಪ್ಪರದಲ್ಲಿ ಹೊಂದಿಕೊಳ್ಳುತ್ತವೆ. ಹಾಲುಗುಂಬಳಕ್ಕೆ ಬೇರೆಯದೇ ಬೇಕು, ಅದು ಪಕ್ಕದ ಬಳ್ಳಿಯನ್ನೆಲ್ಲ ಮುಚ್ಚಿಬಿಡುತ್ತದೆ.

• ಹೂ ಬರುತ್ತದೆ, ಮಿಡಿ ಕಾಣುತ್ತದೆ, ಹಳದಿಯಾಗಿ ಉದುರುತ್ತದೆ ಎಂದು ನೀನು ಖಂಡಿತ ಫೋನ್ ಮಾಡುತ್ತೀ. ಸುರಿಯುವ ಮಳೆಯಲ್ಲಿ ಜೇನು ಹಾರುವುದಿಲ್ಲ, ಆ ಕೆಲಸ ನೀನೇ ಮಾಡಬೇಕು. ಹೂವಿನ ಹಿಂದೆ ಪುಟ್ಟ ಮಿಡಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂವಿನ ಎಸಳು ಕಿತ್ತು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ತುದಿಗೆ ಮೆಲ್ಲಗೆ ಒರೆಸು. ಹೊತ್ತು ಗಮನದಲ್ಲಿಡು: ಸಿಹಿಗುಂಬಳ ಬೆಳಗಿನ ಜಾವ ಅರಳಿ ಬಿಸಿಲೇರುವಾಗ ಮುದುಡುತ್ತದೆ, ಹೀರೆಯೂ ಹಾಲುಗುಂಬಳವೂ ಸಂಜೆ ಅರಳುತ್ತವೆ. ಮೊದಮೊದಲು ಬರೀ ಗಂಡು ಹೂವೇ ಬಂದರೆ ಗಾಬರಿಯಾಗಬೇಡ, ಬಳ್ಳಿಗಳ ಕ್ರಮವೇ ಹಾಗೆ. ತೊಂಡೆಗೆ ಮಾತ್ರ ಈ ಕೆಲಸವೇ ಬೇಡ. ನಾವು ನೆಡುವುದು ಕಾಯಿ ಬಿಡುವ ಹೆಣ್ಣು ಬಳ್ಳಿಯ ತುಂಡು, ಗಂಡಿಲ್ಲದೆಯೂ ಕಾಯಿ ಕಚ್ಚುತ್ತದೆ.

• ಹಾಲುಗುಂಬಳ, ಸೌತೆ ಕೊಯ್ದು ತಂದಾಗ ಒಂದು ಚೂರು ನಾಲಿಗೆಗೆ ಹಚ್ಚಿ ನೋಡು. ಕಹಿ ಇದ್ದರೆ ಉಗಿದು, ಕಾಯನ್ನು ಗೊಬ್ಬರಗುಂಡಿಗೆ ಹಾಕು. ಬೇಯಿಸಿದರೂ ಆ ಕಹಿಯ ವಿಷ ಹೋಗುವುದಿಲ್ಲ. ಹಾಲುಗುಂಬಳದ ಕಹಿ ರಸ ಕುಡಿದು ಜೀವ ಹೋದವರಿದ್ದಾರೆ. ಇದರಲ್ಲಿ ದಾಕ್ಷಿಣ್ಯ ಬೇಡ.

ಸೊಪ್ಪಿನ ಮಾತಿಗೆ ಬಂದರೆ, ಚಕ್ರಮುನಿ ಸೊಪ್ಪನ್ನು ನಾವು ತಂಬುಳಿಗೆ, ಪಲ್ಯಕ್ಕೆ ಹುರಿದೋ ಬೇಯಿಸಿಯೋ ಬಳಸುತ್ತೇವೆ. ಹಾಗೇ ಬಳಸು. ತೈವಾನಿನಲ್ಲಿ 1994-95ರ ಸುಮಾರಿಗೆ ತೂಕ ಇಳಿಸಲು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶವೇ ಕೆಟ್ಟುಹೋಯಿತು. ಒಳ್ಳೆಯ ಸೊಪ್ಪು ಎಂದು ಲೋಟದಲ್ಲಿ ಕುಡಿಯುವ ಈಗಿನ ಚಟ ನಮ್ಮ ಮನೆಗೆ ಬರುವುದು ಬೇಡ.

• ಟೊಮೆಟೊ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಹೊಸಬರು ಮನಸ್ಸು ಮುರಿದುಕೊಳ್ಳುವುದು ಇದರಲ್ಲೇ. ಹಸಿರಾಗಿ ನಿಂತ ಗಿಡ ಒಂದು ಮಧ್ಯಾಹ್ನ ಬಾಡುತ್ತದೆ, ಸಂಜೆ ಸುಧಾರಿಸಿದಂತೆ ಕಾಣುತ್ತದೆ, ನಾಲ್ಕನೆಯ ದಿನಕ್ಕೆ ಸತ್ತಿರುತ್ತದೆ. ನೀರು ಸಾಲಲಿಲ್ಲ ಎಂದು ಇನ್ನೂ ನೀರು ಹೊಯ್ಯಬೇಡ. ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಿ ಹಿಡಿ. ಸ್ವಲ್ಪ ಹೊತ್ತಿನಲ್ಲಿ ಕಾಂಡದಿಂದ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಅದಕ್ಕೆ ಔಷಧ ಇಲ್ಲ. ಗಿಡವನ್ನು ಬೇರು, ಮಣ್ಣು ಸಮೇತ ಕಿತ್ತು ಸುಡು, ಗೊಬ್ಬರಗುಂಡಿಗೆ ಹಾಕಬೇಡ. ಆ ಮಡಿಯಲ್ಲಿ ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಯಾವುದೂ ಬೇಡ, ಇವೆಲ್ಲ ಒಂದೇ ಕುಲ. ಅಲಸಂದೆಯನ್ನೋ ಹರಿವೆಯನ್ನೋ ಹಾಕು.

ನಮ್ಮ ಹುಳಿ ಮಣ್ಣು, ತೇವ, ಸೆಕೆ ಮೂರೂ ಈ ರೋಗಕ್ಕೆ ಅನುಕೂಲ. ಅದಕ್ಕೇ ಮಳೆ ಬಿಟ್ಟ ಮೇಲೆ ಟೊಮೆಟೊ ಹಾಕು ಎಂದದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ಸೊರಗು, ಎಲೆಮುರುಟು ನಂಜು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್, ಬೀಜ ಎತ್ತಿಟ್ಟುಕೊಂಡರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ. ಬದನೆಗಾದರೆ ಇನ್ನೊಂದು ಉಪಾಯ ಇದೆ. ಬೇಲಿಯ ಬದಿಯಲ್ಲಿ ತಾನಾಗಿ ಹುಟ್ಟುವ ಸುಂಡೆ ಗಿಡದ ಮೇಲೆ ಬದನೆಯ ಕುಡಿಯನ್ನು ಕಸಿ ಕಟ್ಟಿದರೆ ಸೊರಗು ತಟ್ಟುವುದಿಲ್ಲ, ಎರಡು ಮೂರು ವರ್ಷ ಕಾಯಿ ಕೊಡುತ್ತದೆ.

ಟೊಮೆಟೊ ತಳ ಕಪ್ಪಾಗಿ ಕೊಳೆತರೆ ಅದು ರೋಗವಲ್ಲ. ಸುಣ್ಣದಂಶ ಕಡಿಮೆ, ಇಲ್ಲವೇ ಒಂದು ದಿನ ನೀರು ಹೆಚ್ಚು, ಮೂರು ದಿನ ಇಲ್ಲ. ಬುಡಕ್ಕೆ ದರಕು ಮುಚ್ಚಿ ನೀರು ಸಮನಾಗಿ ಕೊಡು.

• ಹಣ್ಣಿನ ಗಿಡ. ಎರಡು ಗುಂಟೆಯಲ್ಲಿ ಹಲಸು, ಮಾವು ಎರಡಕ್ಕೂ ಜಾಗ ಇಲ್ಲ. ಒಂದೇ ದೊಡ್ಡ ಮರ ಅಂದರೆ ನಾನು ಅಪ್ಪೆಮಿಡಿಯನ್ನೇ ಹೇಳುತ್ತೇನೆ. ಕಸಿ ಗಿಡ ತಾ. ಮಾವಿನ ಓಟೆಯಿಂದ ಹುಟ್ಟಿದ ಗಿಡಕ್ಕೆ ತಾಯಿಮರದ ಸೊನೆಯ ಪರಿಮಳ ಬರುತ್ತದೆಂದು ಭರವಸೆ ಇಲ್ಲ. ಮಿಡಿಯ ಬೆಲೆ ಇರುವುದೇ ಆ ಪರಿಮಳಕ್ಕೆ. ಮುರುಗಲಿಗೂ ಕಸಿಯೇ ಬೇಕು, ಬೀಜದ ಸಸಿಯಲ್ಲಿ ಸುಮಾರು ಅರ್ಧ ಗಂಡಾಗುತ್ತವೆ, ಹೂ ಬಿಡುವ ತನಕ ಅದು ತಿಳಿಯುವುದೂ ಇಲ್ಲ.

ನಿಂಬೆಗೆ ಬೀಜದ ಗಿಡ ಸಾಕು. ನಮ್ಮ ಸಣ್ಣ ನಿಂಬೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದನ್ನು ನೋಡಿರುತ್ತೀ. ಅವುಗಳಲ್ಲಿ ಹೆಚ್ಚಿನವು ತಾಯಿಯ ಗುಣವನ್ನೇ ತರುತ್ತವೆ. ನಾಲ್ಕೈದು ವರ್ಷ ತಾಳ್ಮೆ ಬೇಕು ಅಷ್ಟೆ. ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಹುಳ, ದಿನಾ ಬೆಳಿಗ್ಗೆ ಕೈಯಲ್ಲೇ ತೆಗೆ. ಕರಿಬೇವಿನ ಮೇಲೂ ಅದೇ ಇರುತ್ತದೆ.

ಬಾಳೆಯನ್ನು ಬಚ್ಚಲ ನೀರು ಹರಿಯುವ ಕಡೆ ಇಡು. ಮೈಸೋಪಿನ ನೀರು ನಡೆಯುತ್ತದೆ, ಬಟ್ಟೆ ಯಂತ್ರದ ಪುಡಿಯ ನೀರನ್ನು ಬೇರೆ ಕಡೆ ಬಿಡು. ಬುಡದಲ್ಲಿ ಹತ್ತು ಕಂದು ಏಳುತ್ತವೆ. ಗೊನೆ ಹಾಕುವ ತನಕ ಎಲ್ಲ ಕಡಿದು, ಕತ್ತಿಯಂತೆ ಸಪೂರ ಎಲೆ ಇರುವ ಒಂದೇ ಕಂದನ್ನು ಉಳಿಸು. ಆರಿದ್ರೆಯ ಗಾಳಿಗೆ ಮುಂಚೆ ಗೊನೆ ಇರುವ ಬಾಳೆಗೆ ಊರೆಗೋಲು ಕೊಡು.

ಪಪ್ಪಾಯಿ ಮಳೆ ಮುಗಿದ ಮೇಲೆ, ಅತ್ಯಂತ ಎತ್ತರದ ಜಾಗದಲ್ಲಿ. ಬುಡದಲ್ಲಿ ಎರಡು ದಿನ ನೀರು ನಿಂತರೆ ಗಿಡ ಹೋಯಿತು. ನಾಟಿ ಬೀಜವಾದರೆ ಒಂದು ಗುಂಡಿಗೆ ಮೂರು ಸಸಿ ನೆಟ್ಟು ಹೂ ಬರುವ ತನಕ ಕಾದು ನೋಡು. ಉದ್ದ ಗೊಂಚಲಾಗಿ ಇಳಿಬಿದ್ದರೆ ಗಂಡು, ಕಾಂಡಕ್ಕೆ ಅಂಟಿ ಒಂಟಿಯಾಗಿ ಕೂತರೆ ಹೆಣ್ಣು. ಗಂಡಿನಲ್ಲಿ ಒಂದನ್ನು ಬಿಟ್ಟು ಉಳಿದದ್ದನ್ನು ಕಡಿ.

ಪೇರಲದ ಹೂ ಬರುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಹಣ್ಣು ಮುಗಿದ ಕೂಡಲೇ ಗೆಲ್ಲಿನ ತುದಿ ಕತ್ತರಿಸು. ನುಗ್ಗೆಯನ್ನು ಮನೆಯಿಂದ ದೂರ ನೆಡು. ಮನೆಯೆದುರು ನುಗ್ಗೆ ಆಗದು ಎಂದು ಹಿರಿಯರು ಹೇಳಿದ್ದಕ್ಕೆ ಕಾರಣ ಇದೆ. ಅದರ ಗೆಲ್ಲು ಗಾಳಿಗೆ ಪಟ್ಟನೆ ಮುರಿಯುತ್ತದೆ, ಮಳೆಗಾಲದಲ್ಲಿ ಕಾಂಡದ ತುಂಬ ಕಂಬಳಿಹುಳ ಗುಂಪುಗಟ್ಟುತ್ತದೆ.

• ಹಣ್ಣುನೊಣ ನಿನ್ನ ದೊಡ್ಡ ಶತ್ರು. ಹೀರೆ, ಹಾಗಲದ ಎಳೆ ಕಾಯಿ ಸೊಟ್ಟಗಾಗಿ ಒಳಗೆ ಬಿಳಿ ಹುಳ ಕಂಡರೆ ಅದೇ. ಬಿದ್ದ ಕಾಯನ್ನು ಅಲ್ಲೇ ಬಿಡಬೇಡ, ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ಎರಡು ಅಡಿ ಆಳಕ್ಕೆ ಹೂಳು. ಮಿಡಿ ಬೆರಳುದ್ದ ಇರುವಾಗಲೇ ಕಾಗದದ ಚೀಲ ಕಟ್ಟು. ಮೋಹಕ ಬಲೆ ತರುವಾಗ ತರಕಾರಿ ಬಳ್ಳಿಗೋ ಮಾವು, ಪೇರಲಕ್ಕೋ ಎಂದು ಹೇಳಿ ಕೇಳು, ಎರಡರ ಮದ್ದು ಬೇರೆ ಬೇರೆ.

• ಹೇನು, ಎಲೆಮುರುಟಿಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಚೂರು ಸೋಪು ಕದಡಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸು. ಮೇಲಿನಿಂದ ಸಿಂಪಡಿಸಿದರೆ ಪ್ರಯೋಜನ ಇಲ್ಲ, ಅವು ಇರುವುದು ಅಡಿಯಲ್ಲಿ.

• ಬಸವನಹುಳಕ್ಕೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು ರಾತ್ರಿ ಬಿಡು, ಬೆಳಿಗ್ಗೆ ಅಲ್ಲೇ ಸೇರಿರುತ್ತವೆ. ಕೈಗವಸು ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕು. ಮಡಿಯ ಮೇಲೆ ಉಪ್ಪು ಚೆಲ್ಲಬೇಡ, ಮಣ್ಣು ಕೆಡುತ್ತದೆ.

• ಮಂಗನ ಕಾಟ ಈಗ ಪೇಟೆಯ ಅಂಚಿಗೂ ಬಂದಿದೆ. ಮನೆಯಲ್ಲಿ ಹಗಲು ಜನ ಇಲ್ಲದ ದಿನಗಳು ಹೆಚ್ಚಾಗಿದ್ದರೆ ಅವು ಅಷ್ಟಾಗಿ ಮುಟ್ಟದ್ದನ್ನು ಹೆಚ್ಚು ಹಾಕು: ಸುವರ್ಣಗೆಡ್ಡೆ, ಅರಿಶಿನ, ಶುಂಠಿ, ಕೆಸು, ಹಾಗಲ, ಸೂಜಿಮೆಣಸು. ಬಾಳೆಗೊನೆಯನ್ನು ಪೂರ್ತಿ ಬಲಿತ ಕೂಡಲೇ ಇಳಿಸಿ ಒಳಗೆ ಹಣ್ಣು ಮಾಡು.

• ಬೆಂಡೆ, ಅಲಸಂದೆ, ಸೌತೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಒಂದು ಕಾಯಿ ಬಲಿತು ಬೀಜ ಕಟ್ಟಿದರೆ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಊರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ಕೊಯ್ದುಕೊಳ್ಳಲು ಹೇಳಿ ಹೋಗು.

• ಬೀಜಕ್ಕೆ ಬಿಡುವ ಕಾಯನ್ನು ಮೊದಲೇ ಆರಿಸಿ ನೂಲು ಕಟ್ಟು. ಎಲ್ಲಕ್ಕಿಂತ ಒಳ್ಳೆಯ ಗಿಡದ, ಒಳ್ಳೆಯ ಕಾಯೇ ಅದಾಗಿರಬೇಕು. ತಿಂದು ಉಳಿದದ್ದನ್ನು ಬೀಜಕ್ಕೆ ಬಿಟ್ಟರೆ ವರ್ಷದಿಂದ ವರ್ಷಕ್ಕೆ ತಳಿ ಇಳಿಯುತ್ತದೆ. ಬೆಂಡೆ ಗಿಡದಲ್ಲೇ ಒಣಗಲಿ, ಬದನೆ ಹಳದಿಯಾಗಿ ಮೆತ್ತಗಾಗಲಿ. ಟೊಮೆಟೊದ ತಿರುಳನ್ನು ಎರಡು ದಿನ ಹುಳಿ ಬರಿಸಿ ತೊಳೆ. ಎಲ್ಲವನ್ನೂ ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಬಾಟಲಿಯಲ್ಲಿ ಬಿರಡೆ ಬಿಗಿದಿಡು. ಎರಡು ಜಾತಿಯ ಸೌತೆ ಪಕ್ಕಪಕ್ಕ ಇದ್ದರೆ ಬೀಜ ಬೆರಕೆಯಾಗುತ್ತದೆ. ಬೀಜಕ್ಕೆಂದು ಒಂದೇ ಜಾತಿ ಬೆಳೆ, ಇನ್ನೊಂದನ್ನು ಮುಂದಿನ ವರ್ಷ.

ಶಿರಸಿಯಲ್ಲಿ ವನಸ್ತ್ರೀ ಎಂಬ ಹೆಂಗಸರ ಬಳಗ ಇದೆ, 2001ರಿಂದ ಮಲೆನಾಡಿನ ಹಿತ್ತಿಲ ಬೀಜಗಳನ್ನು ಕಾಪಾಡಿಕೊಂಡು ಬಂದವರು. ಅವರು ನಡೆಸುವ ಮಲೆನಾಡು ಮೇಳಕ್ಕೆ ಹೋಗು. ಅಂಗಡಿಯಲ್ಲಿ ಸಿಗದ ಬೆಂಡೆ, ಅವರೆ, ಸೌತೆಯ ಬೀಜ ಅಲ್ಲಿ ಕೈಯಿಂದ ಕೈಗೆ ಸಿಗುತ್ತದೆ. ಬೀಜ ಕೊಟ್ಟವರ ಹತ್ತಿರ ಅದನ್ನು ಯಾವ ಮಳೆಗೆ ಹಾಕುತ್ತಾರೆ ಎಂದು ಕೇಳಿಯೇ ಬಾ.

• ಮೊದಲ ವರ್ಷವೇ ಎಲ್ಲವನ್ನೂ ಹಾಕಬೇಡ. ಈ ಸಲ ನಾಲ್ಕು ಏರುಮಡಿ, ಒಂದು ಚಪ್ಪರ. ಮಡಿಗೆ ಬೆಂಡೆ, ಶುಂಠಿ, ಅರಿಶಿನ, ಒಂದು ಮಡಿ ಬದನೆಗೆ ಖಾಲಿ ಇಟ್ಟುಕೋ. ಚಪ್ಪರಕ್ಕೆ ಹೀರೆ ಮತ್ತು ಹಾಗಲ. ಮೂಲೆಗೆ ಎರಡು ಬಾಳೆ, ಬಾಗಿಲಿಗೆ ಕರಿಬೇವು, ಬೇಲಿಗೆ ಒಂದು ನಿಂಬೆ. ಬಿಳಿ ಬೆಂಡೆಯ ಬೀಜ, ತೊಂಡೆ ಬಳ್ಳಿ, ಬಸಳೆ ಬಳ್ಳಿ ನನ್ನಲ್ಲಿವೆ, ಕೊಳ್ಳಬೇಡ. ರೋಹಿಣಿ ಹುಟ್ಟುವ ಮೊದಲ ಭಾನುವಾರ ಅಳಿಯಂದಿರನ್ನೂ ಕರೆದುಕೊಂಡು ಬಾ. ಬರುವಾಗ ಎರಡು ಗೋಣಿಚೀಲ ತಾ, ಹಳೆಯ ಗೊಬ್ಬರ ತುಂಬಿಸಿ ಕಳಿಸುತ್ತೇನೆ.